ಸೊಸೈಟಿಗೆ ಸಾಫ್ಟ್‌ವೇರ್ ಮಾಡಿದೆವು, ಯಾರೂ ಲೆಕ್ಕದ ಪುಸ್ತಕ ಬಿಡುತ್ತಿಲ್ಲ. ಅನುಭವ ಇದ್ದವರು ಹೇಳಿ

ಎಂಟನೇ ಸೆಮ್:
ನಾವು ನಾಲ್ಕು ಜನ, ಇನ್ಫರ್ಮೇಷನ್ ಸೈನ್ಸ್, ಕೊನೇ ವರ್ಷ. ನಮ್ಮ ಹೋಬಳಿಯ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಗೊಬ್ಬರದ ಸ್ಟಾಕ್ ಮತ್ತು ಸದಸ್ಯರ ಸಾಲದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿದ್ದೇವೆ. ಕೋಡ್ ಮುಗಿದಿದೆ, ಓಡುತ್ತದೆ. ಆದರೆ ಅಲ್ಲಿನ ಮೂವರು ಸಿಬ್ಬಂದಿ "ಚೆನ್ನಾಗಿದೆ ಕಣ್ರಪ್ಪಾ" ಅಂತ ಕಾಫಿ ಕೊಡಿಸಿ ಮತ್ತೆ ಪುಸ್ತಕದಲ್ಲೇ ಬರೆಯುತ್ತಾರೆ. ಕಾರ್ಯದರ್ಶಿಯವರ ನಿವೃತ್ತಿಗೆ ಇನ್ನು 14 ತಿಂಗಳು. ಗೈಡ್ ಸರ್ "ಚೇಂಜ್ ಮ್ಯಾನೇಜ್‌ಮೆಂಟ್ ಅಂತ ಒಂದು ಅಧ್ಯಾಯ ಸೇರಿಸಿ" ಅಂದರು. ಜನರನ್ನು ಬದಲಾವಣೆಗೆ ಒಪ್ಪಿಸುವುದರ ಬಗ್ಗೆ ಬರೆಯುವುದು ಸುಲಭ, ಮಾಡುವುದು ಹೇಗೆ? ಪುಸ್ತಕ, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ನಡೆಸಬೇಕಾ? ಎಷ್ಟು ದಿನ? ವೈವಾಗೆ (ಮೌಖಿಕ ಪರೀಕ್ಷೆ) ಎಂಟು ವಾರ ಇದೆ.

ಹಾಲಿನ ಕ್ಯಾನ್:
ತಮ್ಮಾ, ನನ್ನದು 2016ರ ಕಥೆ. ಊರಿನ ಹಾಲು ಉತ್ಪಾದಕರ ಸಂಘಕ್ಕೆ ಮಾಡಿದ್ದೆವು. ಖರ್ಚು ಈಗಲೂ ಬಾಯಿಪಾಠ. ಸೆಕೆಂಡ್ ಹ್ಯಾಂಡ್ ಥರ್ಮಲ್ ಪ್ರಿಂಟರ್ 3,800, ಪೇಪರ್ ರೋಲ್ 640, ಯುಪಿಎಸ್ ಬ್ಯಾಟರಿ 1,150. ಹಾಲು ಹಾಕುವ ಹೊತ್ತಿಗೆ ಅಲ್ಲಿರಬೇಕು, ಅಂದರೆ ಬೆಳಿಗ್ಗೆ 5:10ರ ಬಸ್ಸು. ಇಬ್ಬರು 23 ದಿನ ಹೋಗಿ ಬಂದಿದ್ದಕ್ಕೆ 2,024. ಒಟ್ಟು 7,614 ರೂಪಾಯಿ, ಇದರಲ್ಲಿ ಮೂರನೆಯವನು ತನ್ನ ಪಾಲು ಇವತ್ತಿಗೂ ಕೊಟ್ಟಿಲ್ಲ.

ಎರಡೂ ಒಟ್ಟಿಗೆ ನಡೆಸಿದೆವು, ಹತ್ತು ದಿನ. ಬಟವಾಡೆ ದಿನ ನೋಡಿದರೆ ನಮ್ಮ ಲೆಕ್ಕ ಪುಸ್ತಕಕ್ಕಿಂತ 1,740 ರೂಪಾಯಿ ಜಾಸ್ತಿ. ಎರಡು ರಾತ್ರಿ ಕೋಡ್ ಜಾಲಾಡಿದೆವು. ತಪ್ಪು ಕೋಡ್‌ನಲ್ಲಿ ಇರಲೇ ಇಲ್ಲ. ಹಾಲಿನ ದರ ನಿಲ್ಲುವುದು ಫ್ಯಾಟ್ (ಕೊಬ್ಬಿನಂಶ) ಮೇಲೆ. ಯಂತ್ರ ಫ್ಯಾಟ್ 3.47 ತೋರಿಸಿದರೆ ಟೆಸ್ಟರ್ 3.4 ಅಂತ ಬರೆಯುತ್ತಿದ್ದ, ನಮ್ಮದು 3.5 ಮಾಡುತ್ತಿತ್ತು. ಸಂಘಕ್ಕೆ ಆ ಉಳಿಕೆ ಬೇಕು. ಟ್ರಕ್‌ಗೆ ಹಾಕುವಾಗ ಆಗುವ ಕೊರತೆಯನ್ನು ಅದರಲ್ಲೇ ಸರಿದೂಗಿಸುತ್ತಿದ್ದರು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಅಷ್ಟರಲ್ಲಿ ನಮ್ಮ ಚೀಟಿ ಹಿಡಿದುಕೊಂಡು ಒಬ್ಬ ಅಜ್ಜಿ ಬಂದು "ಇಷ್ಟು ವರ್ಷದ್ದು ಎಲ್ಲಿ ಹೋಯ್ತು?" ಅಂತ ಕೇಳಿದರು. ಮರುದಿನ ನಮ್ಮ ಪ್ರಿಂಟರ್ ಮೂಟೆಗಳ ಹಿಂದೆ ಸೇರಿತ್ತು.

ಆರು ಬ್ಯಾಚ್ ಗೈಡ್:
ಮೇಷ್ಟ್ರ ಕಡೆಯಿಂದಲೂ ಕೇಳಿ. ನನಗೆ ವರ್ಷಕ್ಕೆ ಆರು ಬ್ಯಾಚ್, 24 ಹುಡುಗರು. ನಮ್ಮಲ್ಲಿ ಅಂಕ ಕೊಡುವುದು ರಿಪೋರ್ಟ್, ಡೆಮೊ, ವೈವಾಗೆ. ಅಲ್ಲಿಯ ಗುಮಾಸ್ತರು ಮರುತಿಂಗಳು ಅದನ್ನು ಬಳಸಿದರಾ ಅನ್ನುವುದಕ್ಕೆ ಒಂದು ಅಂಕವೂ ಇಲ್ಲ. ಹಾಗಾಗಿ ಹುಡುಗರು ಬದಲಾವಣೆ ಬಗ್ಗೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಮೂರು ಹಂತ ಬರೆಯುತ್ತಾರೆ: ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು. ಅದೇ ವಿಷಯಕ್ಕೆ ಮ್ಯಾನೇಜ್‌ಮೆಂಟ್ ಲೇಖಕ ಜಾನ್ ಕಾಟರ್ ಅವರ ಎಂಟು ಹೆಜ್ಜೆಯ ಚಿತ್ರ ಅಂಟಿಸುತ್ತಾರೆ. ಮುಗಿಯಿತು. ನಾನು ಒಂದು ಬ್ಯಾಚ್‌ಗೆ ದಿನಚರಿ ಬರೆಸಿದೆ: ಇವತ್ತು ಯಾರು ಏನು ಆಕ್ಷೇಪ ಹೇಳಿದರು, ನಾವು ಏನು ಬದಲಿಸಿದೆವು. ಆ ನಾಲ್ಕು ಜನ ಕಲಿತಷ್ಟು ಉಳಿದವರು ಯಾರೂ ಕಲಿಯಲಿಲ್ಲ. ಹೊರಗಿನ ಪರೀಕ್ಷಕರು "ಇದೇನ್ರೀ ಡೈರಿ" ಅಂತ ನಕ್ಕರು ಅನ್ನುವುದು ಬೇರೆ ಮಾತು.

ಹಾಲಿನವರೇ, ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಹಣ ಕೊಡುವ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಅರ್ಜಿ ಹಾಕಿದ್ದರೆ ಕೈಯಿಂದ ದುಡ್ಡು ಹೋಗುತ್ತಿರಲಿಲ್ಲ.

ಹಾಲಿನ ಕ್ಯಾನ್:
ಹಾಕಿದ್ದೆವು ಸರ್. ಆಯ್ಕೆ ಆಗಲಿಲ್ಲ. ಹೆಪ್ಪು ಹಾಕುವುದಕ್ಕೆ ಮೊದಲೇ ನಮ್ಮ ಹಾಲು ಒಡೆಯಿತು.

ಲೆಡ್ಜರ್ ಅಕ್ಕ:
ನಾನು ಮೇಜಿನ ಆ ಕಡೆ ಕೂತವಳು. ಒಂದು ಕಾಲೇಜಿನ ಗ್ರಂಥಾಲಯ. ಹುಡುಗರ ತಂಡ ಬಂದು ಕೋಹಾ ಅನ್ನುವ ಗ್ರಂಥಾಲಯದ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಅಂದರು. ಕೋಹಾ ಕೆಟ್ಟದ್ದಲ್ಲ, ನ್ಯೂಜಿಲೆಂಡಿನ ಗ್ರಂಥಾಲಯವೊಂದು 2000ದ ಹೊತ್ತಿಗೆ ಮಾಡಿಸಿದ್ದು, ಬಿಟ್ಟಿ. ಆದರೆ 14,000 ಪುಸ್ತಕಕ್ಕೆ ಬಾರ್‌ಕೋಡ್ ಅಂಟಿಸಿದ್ದು ಯಾರು? ನಾನು ಮತ್ತು ನಮ್ಮ ಅಟೆಂಡರ್. ಮೊದಲ ಕಂತಿನ ಸ್ಟಿಕ್ಕರ್ ಮಳೆಗಾಲಕ್ಕೆ ಎದ್ದು ಬಂತು, ಮತ್ತೆ ಅಂಟಿಸಿದೆವು. ಹುಡುಗರು ಮೂರು ತಿಂಗಳು ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ಸರ್ವರ್ ಪಾಸ್‌ವರ್ಡ್ ಇದ್ದ ಹುಡುಗ ಪುಣೆಗೆ ಕೆಲಸಕ್ಕೆ ಹೋದ. ಒಂದು ಸೋಮವಾರ ಸರ್ವರ್ ನಿಂತಿತು. ಅವನಿಗೆ ಹನ್ನೊಂದು ಸಲ ಫೋನ್ ಮಾಡಿದೆ. "ಮೇಡಂ ಮೀಟಿಂಗಲ್ಲಿದ್ದೇನೆ." ಪರೀಕ್ಷೆ ಸಮಯ, ಎದುರಿಗೆ ಸಾಲು, ಪುಸ್ತಕ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲ. ಪ್ರಿನ್ಸಿಪಾಲರು ಬೈದದ್ದು ಯಾರಿಗೆ? ನೀವು ಕಲಿತುಕೊಂಡು ಹೋಗುತ್ತೀರಿ, ಬೈಗುಳ ನಮಗೆ ಉಳಿಯುತ್ತದೆ. ನಾನು ಅವತ್ತಿನಿಂದ ಲೆಡ್ಜರ್ ಪುಸ್ತಕವನ್ನೂ ಬರೆಯುತ್ತೇನೆ, ಯಾರು ಏನಾದರೂ ಅನ್ನಲಿ.

ರೆಡಿಮೇಡ್:
ನಿಜ ಹೇಳಿದರೆ ಎಲ್ಲರೂ ಉರಿದುಕೊಳ್ಳುತ್ತೀರಿ. ನಾವು ತಲೆಗೆ 2,500 ಹಾಕಿ, ನಾಲ್ಕು ಜನ ಸೇರಿ 10,000ಕ್ಕೆ ಪ್ರಾಜೆಕ್ಟ್ ಕೊಂಡೆವು. ಬೈಂಡಿಂಗ್ ಮಾಡಿದ ರಿಪೋರ್ಟ್ ಸಮೇತ. ಒಳ್ಳೇ ಅಂಕ ಬಂತು. ಈಗ ನನ್ನ ಕೆಲಸವೇ ಫ್ಯಾಕ್ಟರಿಗಳಲ್ಲಿ ಇಆರ್‌ಪಿ (ಇಡೀ ಕಂಪನಿಯ ಲೆಕ್ಕ, ಸ್ಟಾಕ್ ಎಲ್ಲಾ ಒಂದೇ ಕಡೆ ಇಡುವ ಸಾಫ್ಟ್‌ವೇರ್) ಹಾಕಿಸುವುದು, ಬದಲಾವಣೆಗೆ ಜನರನ್ನು ಒಪ್ಪಿಸುವುದನ್ನು ಸಂಬಳ ತೆಗೆದುಕೊಂಡು ಕಲಿತೆ. ಇಪ್ಪತ್ತೊಂದು ವರ್ಷದ ಹುಡುಗನ ಮಾತನ್ನು ಐವತ್ತೆಂಟರ ಕಾರ್ಯದರ್ಶಿ ಯಾಕೆ ಕೇಳಬೇಕು ಹೇಳಿ?

ಲೆಡ್ಜರ್ ಅಕ್ಕ:
ಅಂದರೆ ಕದ್ದ ಪ್ರಾಜೆಕ್ಟ್‌ನಿಂದ ಬಂದ ಡಿಗ್ರಿ ಹಿಡಿದು ಫ್ಯಾಕ್ಟರಿಯವರಿಗೆ ಬುದ್ಧಿ ಹೇಳುತ್ತಿದ್ದೀರಿ.

ರೆಡಿಮೇಡ್:
ಕದ್ದಿಲ್ಲ ಮೇಡಂ, ಕೊಂಡಿದ್ದು. ಕನಿಷ್ಠ ಯಾರಿಗೂ ಸ್ಟಿಕ್ಕರ್ ಅಂಟಿಸುವ ಕೆಲಸ ಕೊಡಲಿಲ್ಲ.

ಆರು ಬ್ಯಾಚ್ ಗೈಡ್:
ಇಂಥವರಿಂದಲೇ ನಾವು ರಾತ್ರಿ ಹನ್ನೊಂದರವರೆಗೆ ನಕಲು ಹುಡುಕುತ್ತಾ ಕೂರಬೇಕು. ಮೂಲ ಪ್ರಶ್ನೆಗೆ ಬರೋಣ. ಹಳೇ ದಾರಿ ಮುಚ್ಚದೆ ಯಾರೂ ಹೊಸ ದಾರಿ ಹಿಡಿಯುವುದಿಲ್ಲ. ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದ ಸರ್ಕಾರದ ಭೂಮಿ ಯೋಜನೆ ನೋಡಿ. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಕೈಬರಹದ ಪಹಣಿ ನಡೆಯುವುದಿಲ್ಲ ಅಂದರು, 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಕೊಟ್ಟರು, ಆಯಿತು.

ನಿವೃತ್ತ ವಿಎ:
ಏನು ಆಯಿತು ಸ್ವಾಮಿ? ನಾನು ಆಗ ಗ್ರಾಮ ಲೆಕ್ಕಿಗ. ಒಂದು ದಿನ ಬೆಳಿಗ್ಗೆ ಎದ್ದು ನಿಲ್ಲಿಸಿದ್ದಲ್ಲ ಅದು. ಅಚ್ಚಾಗಿ ಬಂದ ಪ್ರತಿ ಹಾಳೆಯನ್ನೂ ನಮ್ಮ ಕೈಬರಹದ ಜೊತೆ ಕೂತು ತಾಳೆ ನೋಡಿದ್ದೇವೆ, ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಕಳಿಸಿದ್ದೇವೆ. ನನ್ನ ವೃತ್ತದಲ್ಲಿ ಒಬ್ಬನ ಎರಡು ಎಕರೆ ಇಪ್ಪತ್ತು ಗುಂಟೆ ಇಪ್ಪತ್ತು ಎಕರೆ ಎರಡು ಗುಂಟೆ ಆಗಿತ್ತು. ಅವನು ಸುಮ್ಮನಿದ್ದ, ಪಕ್ಕದ ಹೊಲದವನು ಸುಮ್ಮನಿರುತ್ತಾನಾ? ತಾಲ್ಲೂಕು ತಾಲ್ಲೂಕಾಗಿ ಕಂಪ್ಯೂಟರ್ ಸರಿಯಾಗಿ ನಡೆಯಿತು ಅಂದ ಮೇಲೆ ಕೈಬರಹ ನಿಂತಿದ್ದು. ಅದೂ ಸರ್ಕಾರದ ಆದೇಶ ಬೆನ್ನಿಗಿತ್ತು. ಈ ಮಕ್ಕಳ ಬೆನ್ನಿಗೆ ಏನಿದೆ, ನಿಮ್ಮ ಅಧ್ಯಾಯವಾ?

ಆರು ಬ್ಯಾಚ್ ಗೈಡ್:
ನಾನು ಹೇಳಿದ್ದೂ ಅದೇ ಅಲ್ವಾ.

ನಿವೃತ್ತ ವಿಎ:
ಅಲ್ಲ.

ಗೋಡೌನ್:
ಪ್ರಶ್ನೆ ಕೇಳಿದ ಹುಡುಗನಿಗೆ ಕಹಿ ಮಾತು ಹೇಳುತ್ತೇನೆ. ಪತ್ತಿನ ಸಂಘಗಳಿಗೆ ಒಂದೇ ಸಾಫ್ಟ್‌ವೇರ್ ಕೊಡುವ ಯೋಜನೆಗೆ ಕೇಂದ್ರ 2022ರ ಜೂನ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ಆಗಿನ ಲೆಕ್ಕಕ್ಕೆ 63,000 ಸಂಘ, 2,516 ಕೋಟಿ ರೂಪಾಯಿ. ನಿಮ್ಮ ಸಂಘ ಅದರಲ್ಲಿ ಇದೆಯಾ ಅಂತ ಕೇಳಿದ್ದೀರಾ? ಇದ್ದರೆ ಸಾಲದ ಭಾಗ ಬಿಟ್ಟುಬಿಡಿ. ಗೊಬ್ಬರಕ್ಕೆ ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರ ಮೊದಲೇ ಇದೆ, ಕೊಳ್ಳುವವರ ಗುರುತು ದಾಖಲಿಸಿ ಅದರಲ್ಲೇ ಮಾರಬೇಕು. ಸ್ಟಾಕ್ ಪುಸ್ತಕ ಬೇರೆ. ನಿಮ್ಮದು ಮೂರನೆಯದು. ಮುಂಗಾರು ಶುರುವಾಗಿ ಡಿಎಪಿ ಗೊಬ್ಬರಕ್ಕೆ ಸಾಲು ನಿಂತಾಗ ಒಂದೇ ಚೀಲವನ್ನು ಮೂರು ಕಡೆ ಯಾರು ಬರೆಯುತ್ತಾರೆ? ನಾನಂತೂ ಬರೆಯುವುದಿಲ್ಲ, ಹನ್ನೆರಡು ವರ್ಷದಿಂದ ಅದೇ ಕೌಂಟರ್‌ನಲ್ಲಿದ್ದೇನೆ.

ಮತ್ತೆ ಹೆಸರುಗಳು. ನಮ್ಮಲ್ಲೂ ಒಂದು ತಂಡ ಬಂದಿತ್ತು. 1,100 ಸದಸ್ಯರ ಹೆಸರನ್ನು ನಾನು ಹಳೇ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದೆ. ಅವರ ಸಾಫ್ಟ್‌ವೇರ್‌ಗೆ ಹಾಕಿದರೆ ಎಲ್ಲಾ ಇಂಗ್ಲಿಷ್ ಅಕ್ಷರದ ಕಸ ಆಯಿತು. "ಸರ್ ಮತ್ತೆ ಟೈಪ್ ಮಾಡಿಕೊಡಿ" ಅಂದರು. ಕಳಿಸಿಬಿಟ್ಟೆ.

ರೆಡಿಮೇಡ್:
ಯೂನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕ ಇದೆ, ಹತ್ತು ನಿಮಿಷದ ಕೆಲಸ. ಇನ್ನೂ ನುಡಿ ಹಿಡಿದುಕೊಂಡು ಕೂತರೆ ಹೀಗೇ.

ಗೋಡೌನ್:
ಪರಿವರ್ತಕ ಹಾಕಿದ್ದರು. ಒತ್ತಕ್ಷರ, ಅರ್ಕಾವತ್ತು ಎಲ್ಲಾ ಅದಲುಬದಲು. ಸಾಲದ ಪುಸ್ತಕದಲ್ಲಿ ಹೆಸರು ತಪ್ಪಿದರೆ ಆಡಿಟ್‌ಗೆ ಯಾರು ಉತ್ತರ ಕೊಡುತ್ತಾರೆ, ನೀವಾ?

ನಿವೃತ್ತ ವಿಎ:
ನುಡಿಗೆ ಏನೂ ಅನ್ನಬೇಡಿ. ಈಗ ಅದರಲ್ಲಿ ಯೂನಿಕೋಡೂ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಅದರ ಕನ್ನಡ ಕೀಲಿಮಣೆ ಕೈಗೆ ಕೂತಿದ್ದಕ್ಕೇ ನಮ್ಮಂಥವರು ಕಂಪ್ಯೂಟರ್ ಮುಟ್ಟಿದ್ದು.

ಹಾಲಿನ ಕ್ಯಾನ್:
ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತರೆ ಹೆಚ್ಚಿನ ಭಾರತೀಯ ಭಾಷೆಗಳಿಗೂ ಒಂದೇ. ಅದನ್ನು ಯಾರೂ ಹೇಳಲ್ಲ.

ಗೋಡೌನ್:
ನನಗೆ ಕನ್ನಡ ಒಂದು ಸಾಕು.

ಎಂಟನೇ ಸೆಮ್:
ಇವತ್ತು ಸೊಸೈಟಿಗೆ ಹೋಗಿದ್ದೆವು. ಲ್ಯಾಪ್‌ಟಾಪ್ ತೆಗೆಯಲಿಲ್ಲ. ಗುಮಾಸ್ತೆ ಅಕ್ಕನ ಪಕ್ಕ ಸುಮ್ನೆ ಕೂತು ಪುಸ್ತಕ ನೋಡಿದೆವು. ಕೊನೆಯ ಕಾಲಂ 'ಷರಾ'. ಅದರಲ್ಲಿ ಪೆನ್ಸಿಲ್‌ನಲ್ಲಿ ಏನೇನೋ ಇದೆ. "ಮಗಳ ಮದುವೆ, ಯುಗಾದಿ ಆದ ಮೇಲೆ ಕಟ್ಟುತ್ತಾರೆ." "ಅಣ್ಣನ ಹತ್ತಿರ ಕೇಳಬಾರದು, ತಮ್ಮನಿಗೆ ಹೇಳಿ." ಅಕ್ಕ ದಿನಾ ಬೆಳಿಗ್ಗೆ ಮೊದಲು ಓದುವುದೇ ಅದನ್ನು. ನಮ್ಮ ಸಾಫ್ಟ್‌ವೇರ್‌ನಲ್ಲಿ ಷರಾ ಇಲ್ಲವೇ ಇಲ್ಲ. ಕೇಂದ್ರದ ಯೋಜನೆ ಬಗ್ಗೆ ಕಾರ್ಯದರ್ಶಿಯವರನ್ನು ಕೇಳಿದೆವು, "ಪಟ್ಟಿಯಲ್ಲಿ ಇದೆ, ಕಂಪ್ಯೂಟರ್ ಬರಬೇಕು, ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ" ಅಂದರು. ಲೆಡ್ಜರ್ ಅಕ್ಕ, ಪಾಸ್‌ವರ್ಡ್ ಯಾರ ಹತ್ತಿರ ಇಡಬೇಕು ಅಂತ ನೀವು ಆಮೇಲೆ ಏನಾದರೂ ಗೊತ್ತು ಮಾಡಿದಿರಾ?

ಲೆಡ್ಜರ್ ಅಕ್ಕ:
ಮೂರು ಕಡೆ ಬರೆದಿಟ್ಟಿದ್ದೇನೆ ಮಗಾ. ಒಂದು ಪ್ರಿನ್ಸಿಪಾಲರ ಕಪಾಟಿನಲ್ಲಿ, ಒಂದು ನನ್ನ ಮನೆಯಲ್ಲಿ, ಇನ್ನೊಂದು ಹೊಸ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನ ಕೊನೇ ಪುಟದಲ್ಲಿ.

ರೆಡಿಮೇಡ್:
ರಿಜಿಸ್ಟರಿನಲ್ಲಿ ಪಾಸ್‌ವರ್ಡಾ! ಸೆಕ್ಯುರಿಟಿ ಅಂದರೆ ಏನು ಅಂತ ಗೊತ್ತಾ ಮೇಡಂ ನಿಮಗೆ?

ಲೆಡ್ಜರ್ ಅಕ್ಕ:
ಗೊತ್ತು. ಹನ್ನೊಂದು ಸಲ ಫೋನ್ ಮಾಡಿದ ದಿನ ಗೊತ್ತಾಯಿತು.