ಟ್ರ್ಯಾಕ್‌ಗೂ ಟ್ರೈಲ್‌ಗೂ ಒಂದೇ ಸೆಕೆಂಡ್‌ಹ್ಯಾಂಡ್ ಡರ್ಟ್ ಬೈಕ್, ಈ ಮೂರರಲ್ಲಿ ಯಾವ್ದು ತಗೊಳ್ಳೋದು?

ಕೆಸರುಕಾಲು:

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಫ್ರೆಂಡ್‌ದು ಹೋಂಡಾ ಸಿಆರ್‌ಎಫ್230ಎಫ್ ಓಡಿಸ್ಕೊಂಡು ಕಾಲ ಹಾಕ್ತಿದ್ದೆ, ಏರ್‌ಕೂಲ್ಡ್ ಗಾಡಿ, ಪಾಪ ಏನೂ ತೊಂದ್ರೆ ಕೊಡಲ್ಲ, ಆದ್ರೆ ಟ್ರ್ಯಾಕ್‌ನಲ್ಲಿ ಸಣ್ಣ ಜಂಪ್ ಹೊಡೆದ್ರೂ ಸಸ್ಪೆನ್ಷನ್ ತಳ ಮುಟ್ಟಿ ದಡ್ ಅನ್ನುತ್ತೆ. ಈಗ ಸ್ವಂತದ್ದೇ ಒಂದು ತಗೋಬೇಕು ಅಂತ ತಲೇಲಿ ಕೂತಿದೆ, ಹೊಸದರ ಮಾತೇ ಇಲ್ಲ, ಸೆಕೆಂಡ್‌ಹ್ಯಾಂಡೇ. ಅರ್ಧ ಟೈಮ್ ಮೋಟೋಕ್ರಾಸ್ ಟ್ರ್ಯಾಕು, ಇನ್ನರ್ಧ ಕಲ್ಲು ಬೇರು ಏರು ಎಲ್ಲ ಇರೋ ಕಾಡುದಾರಿ. ರೇಸು ಗೀಸು ಏನಿಲ್ಲ. ತೂಕ 82 ಕೆಜಿ, ಎತ್ತರ ಇದೀನಿ, ಹಂಗಾಗಿ ಸೀಟ್ ಹೈಟ್ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ.

ಮೂರು ಗಾಡಿ ಕಣ್ಣಿಗೆ ಬಿದ್ದಿವೆ, ರೇಟು ಮೂರಕ್ಕೂ ಹೆಚ್ಚುಕಮ್ಮಿ ಒಂದೇ. ಒಂದು 2008ರ ಸಿಆರ್‌ಎಫ್250ಆರ್, ಗ್ರಾಫಿಕ್ಸು ಪ್ಲಾಸ್ಟಿಕ್ಕು ಎಲ್ಲ ಹೊಸದು, ಫೋಟೋದಲ್ಲಿ ಫಳಫಳ ಅಂತಿದೆ, "ಈಗ ತಾನೇ ಎಂಜಿನ್ ಕೆಲಸ ಆಗಿದೆ" ಅಂತಾರೆ. ಇನ್ನೊಂದು 2012ರ ಯಮಹಾ ವೈಜೆಡ್250, ಟೂ ಸ್ಟ್ರೋಕು. ಮೂರನೇದು 2010ರ ಯಮಹಾ ಡಬ್ಲ್ಯುಆರ್250ಎಫ್, ನೋಡೋಕೆ ಗೀಚು ಗೀಚು, ಒಂದು ಕಡೆ ರೇಡಿಯೇಟರ್ ಸ್ವಲ್ಪ ಒಳಗೆ ಹೋಗಿದೆ, ಆದ್ರೆ ಓನರ್ ಹತ್ರ ಒಂದು ನೋಟ್‌ಬುಕ್ ಇದೆ, ಆಯಿಲ್ ಯಾವಾಗ ಹಾಕಿದ್ದು ಏನು ಬದಲಾಯಿಸಿದ್ದು ಎಲ್ಲ ಬರ್ಕೊಂಡಿದ್ದಾರೆ. ನನ್ನ ಮನಸ್ಸು ಹೋಂಡಾ ಕಡೆ ಎಳೀತಿದೆ. ನೀವೇನಂತೀರಾ?

ಸ್ಪ್ಯಾನರ್‌ಸಾಬ:

ಮನಸ್ಸು ಎಳೀತಿದೆ ಅಂದ್ರೆ ಸ್ಟಿಕ್ಕರ್ ಎಳೀತಿದೆ ಅಂತ ಅರ್ಥ ಗುರು. ಬೇಜಾರ್ ಮಾಡ್ಕೋಬೇಡಿ.

2004ರಿಂದ 2009ರವರೆಗಿನ ಸಿಆರ್‌ಎಫ್250ಆರ್‌ಗೆ ಎಂಜಿನ್ ಒಳಗೆ ಗಾಳಿ ಬಿಡೋ ಇನ್‌ಟೇಕ್ ವಾಲ್ವ್‌ದೇ ಕಾಯಿಲೆ, ಇದು ಆ ಗಾಡಿ ಬಿಚ್ಚಿದವರಿಗೆಲ್ಲ ಗೊತ್ತು. ವಾಲ್ವ್ ಟೈಟೇನಿಯಮ್‌ದು, ಮೇಲೆ ತೆಳ್ಳಗೆ ಗಟ್ಟಿ ಲೇಪ ಇರುತ್ತೆ. ಏರ್ ಫಿಲ್ಟರ್ ಅಂಚಲ್ಲಿ ಗ್ರೀಸ್ ಹಚ್ಚದೆ ಹಾಕಿದ್ರೆ ನುಣ್ಣನೆ ಧೂಳು ಒಳಗೆ ಹೋಗಿ ಆ ಲೇಪ ಉಜ್ಜಿ ಹೋಗುತ್ತೆ, ಆಮೇಲೆ ವಾಲ್ವು ಸೀಟಿನೊಳಗೆ ಕೂತ್ಕೊಳ್ತಾ ಕೂತ್ಕೊಳ್ತಾ ಮೇಲಕ್ಕೆ ಬರುತ್ತೆ, ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನ ಒತ್ತೋ ಕ್ಯಾಮ್‌ಗೂ ನಡುವಿನ ಸಂದು) ಕಮ್ಮಿ ಆಗುತ್ತೆ, ಗಾಡಿ ಕಿಕ್ಕಿಗೆ ಸ್ಟಾರ್ಟ್ ಆಗಲ್ಲ ಅನ್ನುತ್ತೆ. ಆಗ ಇನ್ನೂ ತೆಳ್ಳನೆ ಶಿಮ್, ಅಂದ್ರೆ ಸಣ್ಣ ಲೋಹದ ಬಿಲ್ಲೆ, ಹಾಕಿ ಗ್ಯಾಪ್ ಸರಿ ಮಾಡ್ತಾರೆ, ಸ್ವಲ್ಪ ದಿನ ಓಡುತ್ತೆ, ಮತ್ತೆ ಟೈಟು. ಎರಡನೇ ಸಲ ಶಿಮ್ ಬದಲಾಯಿಸೋ ಹೊತ್ತಿಗೆ ವಾಲ್ವ್ ಕಥೆ ಮುಗಿದಿರುತ್ತೆ, ಮಾರೋವ್ರು ಮಾರೋದು ಸರಿಯಾಗಿ ಆ ಎರಡು ಶಿಮ್‌ಗಳ ನಡುವಿನ ದಿನಗಳಲ್ಲೇ.

"ಎಂಜಿನ್ ಕೆಲಸ ಆಗಿದೆ" ಅನ್ನೋದಕ್ಕೆ ಅರ್ಥವೇ ಇಲ್ಲ. ಪಿಸ್ಟನ್ನು ರಿಂಗು ಮಾತ್ರ ಹಾಕಿದ್ರೂ ಅದೇ ಮಾತು, ಹೆಡ್ ಇಳಿಸಿ ಸ್ಟೀಲ್ ವಾಲ್ವ್ ಹಾಕಿ ಅದಕ್ಕೆ ತಕ್ಕ ಸ್ಪ್ರಿಂಗ್ ಹಾಕಿ ಸೀಟ್ ಕಟಿಂಗ್ ಮಾಡ್ಸಿದ್ರೂ ಅದೇ ಮಾತು. ಕೇಳಬೇಕಾದ್ದು ಇಷ್ಟೇ: ಬಿಲ್ ಎಲ್ಲಿ, ಹಳೇ ಪಿಸ್ಟನ್ ಎಲ್ಲಿ, ಈಗ ಇನ್‌ಟೇಕ್‌ನಲ್ಲಿರೋ ಶಿಮ್ ಸೈಜ್ ಎಷ್ಟು. ನಿಜವಾಗ್ಲೂ ಕೆಲಸ ಮಾಡ್ಸಿದವನು ಹಳೇ ಪಿಸ್ಟನ್ನು ಡಬ್ಬಿಯಲ್ಲಿಟ್ಟು ತೋರಿಸ್ತಾನೆ, ಹೆಮ್ಮೆ ಇರುತ್ತೆ. ಉತ್ತರ ತಡವರಿಸಿದ್ರೆ ಎದ್ದು ಬನ್ನಿ.

ಎರಡೇ_ಹೊಡೆತ:

ವೈಜೆಡ್250 ಬಿಟ್ಟು ಬ್ಯಾರೆ ಏನ್ ನೋಡಾಕತ್ತೀರಿ ಸರ? 2005ಕ್ಕ ಅಲ್ಯುಮಿನಿಯಂ ಫ್ರೇಮ್ ಬಂತು, 2006ಕ್ಕ ಮುಂದಿನ ಸಸ್ಪೆನ್ಷನ್ನಿಗೆ ಕಯಾಬಾ ಕಂಪನಿ ಎಸ್‌ಎಸ್‌ಎಸ್ ಫೋರ್ಕ್ ಬಂತು, ಅದಾದಮ್ಯಾಲೆ ವರ್ಷಗಟ್ಲೆ ಕಂಪನಿಯವ್ರು ಆ ಗಾಡೀಗೆ ದೊಡ್ಡದೇನೂ ಕೈ ಹಚ್ಚಿಲ್ಲ, ಯಾಕಂದ್ರ ಹಚ್ಚೋದೇನೂ ಇರಲಿಲ್ಲ. ಹಿಂಗಾಗಿ ಸ್ಪೇರ್ ಪಾರ್ಟ್ ಚಿಂತಿ ಇಲ್ಲ, ಒಂದು ವರ್ಷದ್ದು ಇನ್ನೊಂದು ವರ್ಷಕ್ಕ ಭಾಳಷ್ಟು ಕೂಡತಾವು. ಹೆಡ್ಡಿನಾಗ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್ ಹಾಕೋದು ಸ್ವಲ್ಪ ಕೈ ಓಡೋವ್ರಿಗೆ ಒಂದು ಮಧ್ಯಾಹ್ನದ ಕೆಲಸ. ಫೋರ್ ಸ್ಟ್ರೋಕ್ ರೇಸ್ ಎಂಜಿನ್ ಕೈ ಕೊಟ್ರ ಹೆಡ್ಡು ವಾಲ್ವು ಎಲ್ಲಾ ಕೂಡಿ ಮನಿ ಮಾರೋ ಲೆಕ್ಕ.

ನೋಡಾಕ ಹೋದಾಗ ಸೈಲೆನ್ಸರ್ ಪೈಪ್ ಬಿಚ್ಚಿಸ್ರಿ, ಎರಡು ಸ್ಪ್ರಿಂಗು ಒಂದೆರಡು ಬೋಲ್ಟು ಅಷ್ಟೇ. ಎಕ್ಸಾಸ್ಟ್ ಪೋರ್ಟಿನೊಳಗ ಟಾರ್ಚ್ ಬಿಟ್ಟು ಕಿಕ್ಕರ್ ನಿಧಾನಕ ಕೈಲೆ ಒತ್ರಿ, ಪಿಸ್ಟನ್ ಮ್ಯಾಲೆ ಕೆಳಗ ಆಗೋದು ಕಾಣತೈತಿ. ಪಿಸ್ಟನ್ ಬದಿ ಮಸಿ ಹಿಡದು ಕಂದು ಆಗಿದ್ರ ರಿಂಗ್ ದಾಟಿ ಗ್ಯಾಸ್ ಸೋರಾಕತ್ತೈತಿ ಅಂತ. ನೆಟ್ಟಗ ಗೀರು ಬಿದ್ದಿದ್ರ ಒಮ್ಮೆ ಸೀಜ್ ಆಗೈತಿ, ಅಂದ್ರ ಪಿಸ್ಟನ್ ಒಳಗ ಹಿಡಕೊಂಡೈತಿ, ಸಿಲಿಂಡರ್ ಗೋಡಿ ಮ್ಯಾಲಿನ ನಿಕಾಸಿಲ್ ಲೇಪ ಹೋಗಿರಬಹುದು, ಅದನ್ನ ಹಳೇ ಕಾಲದ ಕಬ್ಬಿಣದ ಬ್ಲಾಕಿನಂಗ ಬೋರ್ ಹೊಡದು ಮುಗಿಸಾಕ ಬರಂಗಿಲ್ಲ, ಮತ್ತ ಲೇಪ ಹಾಕಿಸಬೇಕು, ಇಲ್ಲಾ ಸಿಲಿಂಡರ್ ಬದಲಿ.

ಇನ್ನೊಂದು, ಬಿಸಿ ಆದಮ್ಯಾಲೂ ದಟ್ಟ ಬಿಳಿ ಹೊಗಿ ಬರಾಕತ್ತಿದ್ರ, ಗೇರ್ ಆಯಿಲ್ ಕಮ್ಮಿ ಆಗ್ತಿದ್ರ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗೈತಿ. ಆ ಕಡೆ ಮ್ಯಾಗ್ನೆಟ್ ಸೀಲ್ ಹೋದ್ರ ಇನ್ನೂ ಖರಾಬ್, ಗಾಳಿ ಎಳದು ಎಂಜಿನ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಓಡತೈತಿ, ಥ್ರಾಟಲ್ ಬಿಟ್ರೂ ಆರ್‌ಪಿಎಂ ಇಳಿಯಾಕ ಒಲ್ಲೆ ಅಂತೈತಿ, ಕಡೀಕ ಸೀಜ್.

ಕಾಡುದಾರಿ:

ಎರಡೇ_ಹೊಡೆತ ಅಣ್ಣ ಹೇಳಿದ್ದೆಲ್ಲ ನಿಜ, ಆದ್ರೆ ಅಣ್ಣ ಓಡಿಸೋದು ಟ್ರ್ಯಾಕಲ್ಲಿ. 230ಎಫ್‌ನಿಂದ ಇಳಿದು ನೇರ ವೈಜೆಡ್250 ಹತ್ತಿ ಒದ್ದೆ ಬೇರಿನ ಮೇಲೆ ಏರು ಹತ್ತೋಕೆ ಹೋದ್ರೆ ಮಜಾ ಬರಲ್ಲ. ಎಕ್ಸಾಸ್ಟ್ ಪೋರ್ಟಿನಲ್ಲಿರೋ ಪವರ್ ವಾಲ್ವ್ ತೆರೆಯೋವರೆಗೆ ಒಂಥರಾ, ತೆರೆದ ಮೇಲೆ ಇನ್ನೊಂಥರಾ, ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತೆ. ಫ್ಲೈವೀಲ್‌ಗೆ ತೂಕ ಕೂರಿಸಿ, ಹಿಂದೆ ಒಂದೆರಡು ಹಲ್ಲು ಜಾಸ್ತಿ ಇರೋ ಸ್ಪ್ರಾಕೆಟ್ ಹಾಕಿ, ಹಿಂದಿನ 19 ಇಂಚಿನ ವೀಲ್ ತೆಗೆದು 18 ಹಾಕಿದ್ರೆ ಒಳ್ಳೇ ಟ್ರೈಲ್ ಗಾಡಿ ಆಗುತ್ತೆ, 18ರಲ್ಲಿ ಟೈರ್ ಗೋಡೆ ಎತ್ತರ ಇರೋದ್ರಿಂದ ಕಲ್ಲಿಗೆ ಬಡಿದ್ರೂ ರಿಮ್ ಉಳಿಯುತ್ತೆ. ಆದ್ರೆ ಅದೆಲ್ಲಾ ಖರ್ಚು ಸೇರಿಸಿ ಲೆಕ್ಕ ಹಾಕಿ. ಇದೇ ಕೆಲಸಕ್ಕೆ ಅಂತ್ಲೇ ಯಮಹಾ 2016ರ ಮಾಡೆಲ್‌ನಿಂದ ವೈಜೆಡ್250ಎಕ್ಸ್ ಬಿಟ್ಟಿದೆ, ಕಂಪ್ರೆಷನ್ ಕಮ್ಮಿ, 18 ಇಂಚು, ಸೈಡ್ ಸ್ಟ್ಯಾಂಡು. ಅಂಥದ್ದು ಸಿಕ್ಕಿದ್ರೆ ಮಾತೇ ಬೇರೆ, ಆದ್ರೆ ನಿಮ್ಮ ಮೂರರ ರೇಟಿಗೆ ಸಿಗೋದು ಡೌಟು.

ನನ್ನ ವೋಟು ಡಬ್ಲ್ಯುಆರ್‌ಗೆ. ಬಟನ್ ಸ್ಟಾರ್ಟ್ ಇದೆ, ಕಿಕ್ಕೂ ಇದೆ. ಏರಿನ ಮಧ್ಯ ಬಂದ್ ಬಿದ್ದು, ಒಂದು ಕಾಲು ಕೆಳಗೆ ಎಟುಕದೆ, ಹೆಲ್ಮೆಟ್ಟೊಳಗೆ ಬೆವರು ಸುರೀತಾ ಕಿಕ್ ಹೊಡೆಯೋ ಸುಖ ಒಂದು ಸಲ ಅನುಭವಿಸಿದವರು ಬಟನ್ ಬೆಲೆ ಕೇಳಲ್ಲ. ಲೈಟ್ ಇದೆ, ಗೇರುಗಳು ದೂರ ದೂರ ಇವೆ, ಫಸ್ಟಲ್ಲಿ ತೆವಳಬಹುದು. ಭಾರ ಇದೆ, ಒಪ್ತೀನಿ, ವೈಜೆಡ್‌ಗಿಂತ ಹತ್ತು ಕೆಜಿ ಮೇಲೆನೇ, ಬಿದ್ದಾಗ ಎತ್ತುವಾಗ ಗೊತ್ತಾಗುತ್ತೆ.

ಕೆಸರುಕಾಲು:

ಎಲ್ರಿಗೂ ಥ್ಯಾಂಕ್ಸ್. ಹೋಂಡಾದವ್ರಿಗೆ ಫೋನ್ ಮಾಡಿ ಶಿಮ್ ಸೈಜು ಕೇಳ್ದೆ. "ನೀವು ತಗೋಳೋ ಪಾರ್ಟಿ ಅಲ್ಲ ಬಿಡಿ" ಅಂದ್ರು 😄. ಅದು ಅಲ್ಲಿಗೆ ಮುಗೀತು.

ಡಬ್ಲ್ಯುಆರ್ ಕಡೆ ವಾಲ್ತಿದೀನಿ, ಆದ್ರೆ ಟ್ರ್ಯಾಕಲ್ಲಿ ಇದು ತಡ್ಕೊಳುತ್ತಾ? ಟೇಬಲ್‌ಟಾಪ್ (ನಡುವೆ ಸಪಾಟಾಗಿ ಮಣ್ಣು ತುಂಬಿರೋ ಜಂಪ್) ಹಾರ್ತೀನಿ, ಡಬಲ್ಸ್ (ನಡುವೆ ಖಾಲಿ ಇರೋ ಜೋಡಿ ದಿಬ್ಬ) ಇನ್ನೂ ಧೈರ್ಯ ಇಲ್ಲ. ಮತ್ತೆ ನೋಡೋಕೆ ಹೋದಾಗ ಎಲ್ಲೆಲ್ಲಿ ಕೈ ಹಾಕಿ ನೋಡ್ಬೇಕು? ಹವರ್ ಮೀಟರ್ 60 ತೋರಿಸ್ತಿದೆ.

ಸ್ಪ್ಯಾನರ್‌ಸಾಬ:

ಹವರ್ ಮೀಟರ್ ಹಾಕಿದ ದಿನದಿಂದ 60 ಅಷ್ಟೇ, ಗಾಡಿ ಹುಟ್ಟಿದ ದಿನದಿಂದ ಅಲ್ಲ. 2010ರ ಗಾಡಿಗೆ ಅದನ್ನ ಹೋದ ವರ್ಷ ಕೂರಿಸಿರಬಹುದು. ನಿಜವಾದ ಮೀಟರ್ರು ಫುಟ್‌ಪೆಗ್ ಹಲ್ಲು, ಬೂಟ್ ಉಜ್ಜಿ ಉಜ್ಜಿ ಸವೆದ ಫ್ರೇಮು, ಕ್ಲಚ್ ಕವರ್ ಮೇಲೆ ಅಳಿಸಿ ಹೋದ ಅಕ್ಷರ, ಬ್ರೇಕ್ ಡಿಸ್ಕ್ ದಪ್ಪ. ಇವು ನಾಲ್ಕೂ ನೋಟ್‌ಬುಕ್ ಜೊತೆ ಹೊಂದಬೇಕು.

ಹೋಗೋ ಮುಂಚೆ ಫೋನಲ್ಲೇ ಹೇಳಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ. ಹೋದ ತಕ್ಷಣ ಮಾತಾಡ್ತಾ ಮಾತಾಡ್ತಾ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಮೊದ್ಲೇ ಬಿಸಿ ಮಾಡಿಟ್ಟಿದ್ದಾರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗೋದು ಕಷ್ಟ ಇರಬಹುದು. ತಣ್ಣಗೆ ಒಂದು ಸಲ, ಚೆನ್ನಾಗಿ ಬಿಸಿ ಆದ ಮೇಲೆ ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡಿ, ಎರಡೂ ಮುಖ್ಯ. ಬಟನ್ ಒಂದರಲ್ಲೇ ಅಲ್ಲ, ಕಿಕ್ಕಲ್ಲೂ.

ಆಮೇಲೆ ಏರ್ ಫಿಲ್ಟರ್ ತೆಗೆಸಿ. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗುತ್ತೆ. ಫಿಲ್ಟರ್ ಕೊಳೆ ಇದ್ರೆ ಚಿಂತೆ ಇಲ್ಲ, ಕೊಳೆ ಹಿಡಿಯೋದೇ ಅದರ ಕೆಲಸ. ಫಿಲ್ಟರ್ ಆಚೆ ಬದಿ, ಕಾರ್ಬೊರೇಟರ್‌ಗೆ ಹೋಗೋ ರಬ್ಬರ್ ನಳಿಕೆ ಒಳಗೆ ಬಿಳೀ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆಗೆ ಮಣ್ಣಿನ ಬಣ್ಣ ಬಂದ್ರೆ ಆ ಎಂಜಿನ್ ಮರಳು ಕುಡಿದಿದೆ, ನೋಟ್‌ಬುಕ್ಕಲ್ಲಿ ಏನೇ ಬರೆದಿರಲಿ.

ಡ್ರೈನ್ ಬೋಲ್ಟ್ ತೆಗೆಯೋಕೆ ಬಿಟ್ರೆ ಆಯಿಲ್ ನೋಡಿ, ಬಿಸಿಲಿಗೆ ಹಿಡಿದಾಗ ಮಿಣಮಿಣ ಲೋಹದ ಪುಡಿ ಇರಬಾರ್ದು, ಹಾಲು ಬೆರೆಸಿದ ಹಾಗೆ ಇದ್ರೆ ಕೂಲೆಂಟ್ ಸೇರಿದೆ. ಕಂಪ್ರೆಷನ್ ಗೇಜ್ ತಗೊಂಡು ಹೋಗ್ಬೇಡಿ, ಫೋರ್ ಸ್ಟ್ರೋಕಲ್ಲಿ ಸುಲಭವಾಗಿ ಸ್ಟಾರ್ಟ್ ಆಗ್ಲಿ ಅಂತ ಒತ್ತಡ ಸ್ವಲ್ಪ ಬಿಡೋ ಆಟೋ ಡಿಕಂಪ್ರೆಷನ್ ಇರೋದ್ರಿಂದ ಅದರ ಲೆಕ್ಕ ನಂಬೋಕಾಗಲ್ಲ. ಲೀಕ್‌ಡೌನ್ ಟೆಸ್ಟರ್ ಯಾರ ಹತ್ರನಾದ್ರೂ ಇದ್ರೆ ಅದು ಸರಿ: ವಾಲ್ವೆಲ್ಲ ಮುಚ್ಚಿ ಪಿಸ್ಟನ್ ಪೂರ್ತಿ ಮೇಲೆ ಬಂದಿರೋ ಹಾಗೆ ಇಟ್ಟು ಪ್ಲಗ್ ತೂತಿಂದ ಗಾಳಿ ಬಿಟ್ಟು ಕಿವಿ ಕೊಡಿ, ಕಾರ್ಬೊರೇಟರ್ ಕಡೆ ಸುಯ್ ಅಂದ್ರೆ ಇನ್‌ಟೇಕ್ ವಾಲ್ವು, ಆಯಿಲ್ ಹಾಕೋ ಬಾಯಲ್ಲಿ ಅಂದ್ರೆ ರಿಂಗು, ರೇಡಿಯೇಟರಲ್ಲಿ ಗುಳ್ಳೆ ಎದ್ರೆ ಹೆಡ್ ಗ್ಯಾಸ್ಕೆಟ್ಟು.

ಮುಂದಿನ ಸ್ಪ್ರಾಕೆಟ್ ಕವರ್ ತೆಗೆದು ಹಿಂದೆ ಕ್ರ್ಯಾಂಕ್‌ಕೇಸ್ ನೋಡೋದು ಬಹಳ ಜನ ಮರೀತಾರೆ. ಚೈನ್ ಕಟ್ ಆಗಿ ಅಲ್ಲಿ ಗಂಟು ಬಿದ್ರೆ ಕೇಸ್ ಒಡೆಯುತ್ತೆ, ವೆಲ್ಡಿಂಗೋ ಎಪಾಕ್ಸಿಯೋ ಹಚ್ಚಿರ್ತಾರೆ. ಗಾಡಿ ಸ್ಟ್ಯಾಂಡ್ ಮೇಲಿಟ್ಟು ಹಿಂದಿನ ಚಕ್ರ ಮೇಲಕ್ಕೆ ಎತ್ತಿದಾಗ ಟಕ್ ಅಂದ್ರೆ ಹಿಂದಿನ ಸಸ್ಪೆನ್ಷನ್ ಕೂಡಿಸೋ ಲಿಂಕೇಜ್‌ನ ಬೇರಿಂಗು, ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವೆ ಗಕ್ಕಂತ ಸಿಕ್ಕಿದ ಹಾಗಾದ್ರೆ ಕೋನ್ ಸೆಟ್ಟು. ಇವೆಲ್ಲ ಸಣ್ಣ ಖರ್ಚು, ರೇಟ್ ಇಳಿಸೋಕೆ ಉಪಯೋಗಕ್ಕೆ ಬರುತ್ತೆ. ಗೇರು ಹಾಗಲ್ಲ: ಸೆಕೆಂಡಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಎಳೀರಿ, ನ್ಯೂಟ್ರಲ್‌ಗೆ ಹಾರಿದ್ರೆ ಎಂಜಿನ್ ಎರಡು ಭಾಗ ಮಾಡ್ಬೇಕು. ಫ್ರೇಮ್ ನಂಬರ್ರು ಎಂಜಿನ್ ನಂಬರ್ರು ಪೇಪರ್ ಜೊತೆ ತಾಳೆ ಹಾಕೋದು ಹೇಳ್ಬೇಕಾಗಿಲ್ಲ ಅಂದ್ಕೊಂಡಿದೀನಿ, ಗೀರಿ ತೆಗೆದಿದ್ರೆ ಕದ್ದ ಮಾಲು.

ಎರಡೇ_ಹೊಡೆತ:

ಆತ್ರಿ, ಡಬ್ಲ್ಯುಆರ್ ಅಂದ್ರ ಡಬ್ಲ್ಯುಆರ್. ಆದ್ರ ಟ್ರ್ಯಾಕಿಗೆ ಹಂಗ ಒಯ್ಬ್ಯಾಡ್ರಿ. ಕೆಲವು ದೇಶಕ್ಕ ಕಳಿಸಿದ ಡಬ್ಲ್ಯುಆರ್‌ಗೆ ಥ್ರಾಟಲ್ ಪೂರಾ ತೆರೀಲಾರದಂಗ ಉದ್ದ ಸ್ಕ್ರೂ, ಸೈಲೆನ್ಸರ್ ಒಳಗ ಬಾಯಿ ಮುಚ್ಚೋ ನಳಿಗಿ ಹಾಕಿರ್ತಾರ, ಹಳೇ ಓನರ್ ತೆಗದಾರೋ ಇಲ್ಲೋ ಕೇಳ್ರಿ, ತೆಗದಿದ್ರ ಜೆಟ್ಟಿಂಗ್ (ಕಾರ್ಬೊರೇಟರ್ ಪೆಟ್ರೋಲ್ ಅಳತಿ) ಬದಲಿ ಮಾಡ್ಯಾರೋ ಅದನ್ನೂ ಕೇಳ್ರಿ. ಸಸ್ಪೆನ್ಷನ್ ಟ್ರೈಲಿಗೆ ಅಂತ ಮೆತ್ತಗ ಇರತೈತಿ. ನೀವು 82, ಬೂಟು ಹೆಲ್ಮೆಟ್ಟು ಎಲ್ಲಾ ಕೂಡಿದ್ರ 90 ದಾಟತೀರಿ. ಅವೆಲ್ಲಾ ಹಾಕ್ಕೊಂಡು ಗಾಡಿ ಮ್ಯಾಲೆ ಕುಂತಾಗ ಹಿಂದ 100 ಮಿಮೀ ಆಸುಪಾಸು ಇಳೀಬೇಕು. ಪ್ರೀಲೋಡ್ (ಸ್ಪ್ರಿಂಗನ್ನ ಮೊದ್ಲ ಒತ್ತಿಡೋದು) ಬಿಗಿ ಮಾಡಿ 100ಕ್ಕ ತಂದಮ್ಯಾಲೆ, ನೀವು ಇಳದಾಗ ಗಾಡಿ ತನ್ನ ತೂಕಕ್ಕ ಒಂಚೂರೂ ಕೂಡಂಗಿಲ್ಲ ಅಂದ್ರ ಸ್ಪ್ರಿಂಗ್ ನಿಮಗ ಮೆತ್ತಗಾತು, ಒಂದು ನಂಬರ್ ಗಟ್ಟಿ ಹಾಕ್ರಿ, ಮುಂದ ಫೋರ್ಕಿಗೂ ಹಾಕ್ರಿ. ಟೇಬಲ್‌ಟಾಪಿಗೆ ಅಷ್ಟು ಸಾಕು. ಡಬಲ್ಸ್ ಹಾರೂ ಧೈರ್ಯ ಬಂದ ದಿನ ನನ್ನ ಕಡೆ ಬರ್ರಿ, ವೈಜೆಡ್ ತೋರಸ್ತೀನಿ.

ಕಾಡುದಾರಿ:

ಒಳಗೆ ಹೋಗಿರೋ ರೇಡಿಯೇಟರ್ ಬಗ್ಗೆ ಯಾರೂ ಹೇಳಿಲ್ಲ. ಬಾಗಿದ್ದೊಂದೇ ಆದ್ರೆ ಟ್ರೈಲ್ ಗಾಡಿಗೆ ಅದು ದೃಷ್ಟಿಬೊಟ್ಟು, ಬಿಡಿ. ಸೀಳು ಇದ್ಯಾ ಅಂತ ಎಂಜಿನ್ ಬಿಸಿ ಇದ್ದಾಗ ನೋಡಿ, ಮೂಲೆ ಜಾಯಿಂಟ್‌ಗಳಲ್ಲಿ ಹಸಿರೋ ಬಿಳಿಯೋ ಪುಡಿ ಕಟ್ಟಿದ್ರೆ ಸೋರಿದೆ ಅಂತ. ಬಿಸಿ ಇರುವಾಗ ಕ್ಯಾಪ್ ಮಾತ್ರ ತೆಗೀಬೇಡಿ. ತಗೊಂಡ ಮೇಲೆ ಮೊದಲು ಒಂದು ಜೊತೆ ರೇಡಿಯೇಟರ್ ಗಾರ್ಡ್ ಹಾಕ್ಸಿ, ಗ್ರಾಫಿಕ್ಸ್ ಆಮೇಲೆ.

ಕೆಸರುಕಾಲು:

ನೋಡ್ಕೊಂಡ್ ಬಂದೆ. ಎಂಜಿನ್ ತಣ್ಣಗಿತ್ತು, ಬಟ್ಟೆ ಬಿಳಿಯಾಗೇ ಬಂತು, ಅದಕ್ಕೆ ಓನರ್ ನಕ್ಕು "ಇದನ್ನ ಯಾರೋ ಹೇಳ್ಕೊಟ್ಟಿದ್ದಾರೆ" ಅಂದ್ರು. ಲಿಂಕೇಜಲ್ಲಿ ಟಕ್ ಅಂತಿದೆ, ಫೋರ್ಕ್ ಸೀಲ್ ಒಂದು ಕಡೆ ಜಿನುಗ್ತಿದೆ, ಹಿಂದಿನ ಸ್ಪ್ರಾಕೆಟ್ ಹಲ್ಲು ಕೊಕ್ಕೆ ಆಗಿದೆ. ಮೂರನ್ನೂ ಹೇಳಿ ರೇಟ್ ಇಳಿಸ್ಕೊಂಡು ಅಡ್ವಾನ್ಸ್ ಕೊಟ್ಟಿದೀನಿ. ಲಿಂಕೇಜ್ ಬೇರಿಂಗ್ ಮನೇಲೇ ಬಡಿದು ಹಾಕಬಹುದಾ ಇಲ್ಲ ಪ್ರೆಸ್ ಬೇಕಾ ಸ್ಪ್ಯಾನರ್ ಅಣ್ಣ?

ಸ್ಪ್ಯಾನರ್‌ಸಾಬ:

ಬಡೀಬೇಡಿ, ನೀಡಲ್ ಬೇರಿಂಗ್ ಅಂಚು ಮಡಚ್ಕೊಳ್ಳುತ್ತೆ. ಉದ್ದ ಬೋಲ್ಟು, ನಟ್ಟು, ಅಳತೆಗೆ ಹೊಂದೋ ಎರಡು ಸಾಕೆಟ್ ಇದ್ರೆ ಬೆಂಚ್ ವೈಸ್ ಥರಾನೇ ಬಿಗಿ ಮಾಡ್ತಾ ಎಳ್ಕೊಂಡು ಕೂರಿಸಬಹುದು. ಹಾಕೋ ಮುಂಚೆ ಬೇರಿಂಗ್ ಫ್ರಿಜ್ಜಲ್ಲಿಡಿ, ಲಿಂಕನ್ನ ಸ್ವಲ್ಪ ಬಿಸಿ ಮಾಡಿ. ಗ್ರೀಸ್ ವಾಟರ್‌ಪ್ರೂಫ್‌ದೇ ತುಂಬಿ, ಅಲ್ಲಿಗೆ ನೀರು ನೇರ ಹೊಡೆಯುತ್ತೆ. ಮತ್ತೆ ಆ ನೋಟ್‌ಬುಕ್ ಗಾಡಿ ಜೊತೆ ಕೇಳಿ ಇಸ್ಕೊಳ್ಳಿ.