‘ಚೇರೆ’ಯನ್ನು ‘ಗೇರು’ ಎಂದು ತಿದ್ದಬಹುದೆ?

ಮಾನ್ಯರೆ,

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ, ಮಳೆಗಾಲಕ್ಕೆ ಮುಂಚೆ ಬಚ್ಚಲೊಲೆಗೆ ಸೌದೆ ಕೂಡಿಹಾಕುವಾಗ ಗುರುತಿಲ್ಲದ ಮರಕ್ಕೆ ಕೊಡಲಿ ಹಾಕುವ ಮೊದಲು ‘ಇದು ಚೇರೆ ಅಲ್ಲವಷ್ಟೆ?’ ಎಂದು ಕೇಳುವ ವಾಡಿಕೆಯಿದೆ. ಚೇರೆ ಎಂದರೆ ಸೊನೆ ತಾಗಿದರೆ ಮೈಯಲ್ಲಿ ಬೊಬ್ಬೆ ಏಳಿಸುವ ಒಂದು ಕಾಡುಮರ. ಇಂಥ ಮರಗಳನ್ನು ಕುರಿತು ನಾನು ಬರೆದ ಒಂದು ಟಿಪ್ಪಣಿಯಲ್ಲಿ ‘ಚೇರೆ’ ಎಂಬುದು ಪ್ರಾಂತೀಯ ರೂಪವಾದ್ದರಿಂದ ಅದನ್ನು ‘ಗೇರು’ ಎಂದು ತಿದ್ದಬೇಕೆಂಬ ಸಲಹೆ ಬಂದಿದೆ. ಪದದ ಮೂಲವನ್ನಷ್ಟೇ ನೋಡಿದರೆ ಸಲಹೆ ಸರಿಯೇ. ಆದರೆ ಆ ತಿದ್ದುಪಡಿಯನ್ನು ನಂಬಿ ಸೌದೆ ಕಡಿಯಹೊರಟವನ ಪಾಡೇನು ಎಂಬುದು ನನ್ನ ಶಂಕೆ.

ಕನ್ನಡದ ಗೇರು, ಕೇರು ಎಂಬ ರೂಪಗಳಿಗೂ ಮಲಯಾಳದ ‘ಚೇರ್’ ಎಂಬುದಕ್ಕೂ ನಂಟಿರುವುದು ಸ್ಪಷ್ಟ. ಕನ್ನಡವು ಕಕಾರವನ್ನು ಉಳಿಸಿಕೊಂಡ ಎಡೆಯಲ್ಲಿ ಮಲಯಾಳವು ಚಕಾರಕ್ಕೆ ತಿರುಗಿರುವುದಕ್ಕೆ ಕಿವಿ–ಚೆವಿ, ಕೇರೆ ಹಾವು–ಚೇರ ಮುಂತಾದ ಜೋಡಿಗಳು ಬೇಕಾದಷ್ಟಿವೆ. (ನಮ್ಮವರು ಹಾವನ್ನು ಕೇರೆ ಎಂದೂ ಮರವನ್ನು ಚೇರೆ ಎಂದೂ ಕರೆಯುವುದರಿಂದ ಇಲ್ಲಿ ಎರಡೂ ಕಡೆಯ ರೂಪಗಳು ಒಂದೇ ಬಾಯಲ್ಲಿ ಬಾಳಿಕೊಂಡಿವೆ.) ತೊಡಕು ಇರುವುದು ಧ್ವನಿಯಲ್ಲಲ್ಲ, ಆ ಹೆಸರು ಯಾವ ಮರದ ಮೇಲೆ ಕುಳಿತಿದೆ ಎಂಬಲ್ಲಿ. ಪೋರ್ಚುಗೀಸರು ತಂದ ಗೋಡಂಬಿ ಮರಕ್ಕೆ ಮಲಯಾಳಿಗಳು ಮಾವಿನ ಹೆಸರನ್ನು ಕೊಟ್ಟು ಪರಂಗಿಮಾವು, ಕಶುಮಾವು ಎಂದರು. ಕನ್ನಡಿಗರು ಅದಕ್ಕೆ ತಮ್ಮಲ್ಲಿ ಮೊದಲೇ ಇದ್ದ ಗೇರಿನ ಹೆಸರನ್ನು ಹಂಚಿದರು. ಮಾವು, ಗೋಡಂಬಿ, ಚೇರೆ ಎಲ್ಲವೂ ಒಂದೇ ಸಸ್ಯಕುಟುಂಬದವಾದ್ದರಿಂದ ಇಬ್ಬರ ಕಣ್ಣೂ ಚುರುಕಾಗಿಯೇ ಇತ್ತು. ಆದರೆ ಇಂದು ‘ಗೇರು’ ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಗೋಡಂಬಿ, ಮತ್ತು ಆ ಮರವನ್ನು ಸೌದೆಗೆ ಯಾರೂ ಅಂಜದೆ ಉರಿಸುತ್ತಾರೆ. ಹಳೆಯ ಗೇರು, ಎಂದರೆ ಮಡಿವಾಳರು ಬಟ್ಟೆಗೆ ಗುರುತು ಹಾಕಲು ಕಾಯಿಯ ರಸವನ್ನು ಬಳಸುತ್ತಿದ್ದ, ಸಂಸ್ಕೃತದಲ್ಲಿ ಭಲ್ಲಾತಕವೆನಿಸಿದ ಮರವು, ಕರಿಗೇರು, ಗುಡ್ಡೆಗೇರು ಎಂಬ ವಿಶೇಷಣಗಳ ಆಸರೆಯಿಂದ ಉಳಿದುಕೊಂಡಿದೆ.

ನಮ್ಮ ಚೇರೆ ಈ ಎರಡೂ ಅಲ್ಲ. ಅದು ಪಶ್ಚಿಮಘಟ್ಟದ ನಿತ್ಯಹಸುರಿನ ಎತ್ತರದ ಮರ, ಸಸ್ಯಶಾಸ್ತ್ರದ ಹೆಸರು ಹೊಲಿಗಾರ್ನ ಅರ್ನೊಟ್ಟಿಯಾನ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ 12 ಸಂಪುಟಗಳ ‘ಹೊರ್ತುಸ್ ಮಲಬಾರಿಕುಸ್’ ಎಂಬ ಮಲಬಾರಿನ ಸಸ್ಯಗಳ ಲ್ಯಾಟಿನ್ ಗ್ರಂಥವು ಇದನ್ನು ‘ಕಾಟ್ಟುಚೇರು’ ಎಂದು ಬೇರೆಯಾಗಿಯೇ ದಾಖಲಿಸಿದೆ. ಎಲೆಗಳು ರೆಂಬೆಯ ತುದಿಯಲ್ಲಿ ಗುಂಪುಗೂಡಿ, ಬುಡದ ಕಡೆ ಸಪೂರವಾಗಿ ತುದಿಯ ಕಡೆ ಅಗಲವಾಗಿರುವುದರಿಂದ ದೂರದಿಂದ ಕಾಡುಮಾವೆಂದೇ ತೋರುತ್ತದೆ. ಎಳೆಯ ಎಲೆಯ ತೊಟ್ಟಿನಲ್ಲಿ ಮಾತ್ರ ಎರಡು ಸಣ್ಣ ಮುಳ್ಳಿನಂಥ ಕುಡಿಗಳಿರುತ್ತವೆ, ಮಾವಿನಲ್ಲಿ ಇವಿಲ್ಲ. ಆದರೆ ಅಷ್ಟು ಸಮೀಪ ಹೋಗಿ ನೋಡುವ ಮೊದಲು ಕಾಂಡವನ್ನು ನೋಡುವುದು ಲೇಸು: ಹಳೆಯ ಗಾಯಗಳಿಂದ ಒಸರಿದ ಸೊನೆ ಗಾಳಿ ತಾಗಿ ಕಪ್ಪಾಗಿ, ತೊಗಟೆಯ ಮೇಲೆ ಮಸಿ ಚೆಲ್ಲಿದಂತೆ ಗೆರೆಗೆರೆಯಾಗಿ ಇಳಿದು ಒಣಗಿರುತ್ತದೆ. ಈ ಸೊನೆ ಮೈಗೆ ತಾಗಿದರೆ ಚರ್ಮ ಕೆಂಪೇರಿ ತುರಿಸಿ ಬೊಬ್ಬೆ ಏಳುತ್ತದೆ. ಮರ ಒಣಗಿತೆಂದು ಅದರ ಗುಣ ಹೋಗುವುದಿಲ್ಲ, ಒಲೆಗೆ ಹಾಕಿದರೆ ಹೊಗೆಯೊಡನೆ ಕಣ್ಣು ಗಂಟಲುಗಳನ್ನೂ ಬಾಧಿಸುತ್ತದೆ. ಚೇರೆ ತಾಗಿದವರು ಶಾಂತಿಮರಕ್ಕೆ, ಎಂದರೆ ತಾರೆಮರಕ್ಕೆ, ಸುತ್ತು ಬಂದು ತಪ್ಪು ಕೇಳಿಕೊಳ್ಳುವ, ಅದರ ತೊಗಟೆ ಕುದಿಸಿದ ನೀರಿನಲ್ಲಿ ಮೀಯುವ ನಂಬಿಕೆ ಈ ಸೀಮೆಯಲ್ಲಿದೆ. ಬೊಬ್ಬೆ ಎದ್ದ ಮೇಲೆ ವೈದ್ಯರಲ್ಲಿಗೆ ಹೋಗುವುದೇ ಮೇಲು.

ಹೀಗಾಗಿ ‘ಚೇರೆ’ಯನ್ನು ಗಡಿನಾಡಿನ ಅಪಭ್ರಂಶವೆಂದು ಬದಿಗೆ ಸರಿಸದೆ, ಒಂದು ನಿರ್ದಿಷ್ಟ ಮರಕ್ಕೆ ನಿಂತ ಹೆಸರಾಗಿ ಕನ್ನಡ ಬರಹದಲ್ಲಿ ಹಾಗೆಯೇ ಇಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಪರ್ಯಾಯವಾಗಿ ಕೋಶಗಳು ಕೊಡುವ ಹೊಲಗೇರು, ಕಾಡುಗೇರು ಎಂಬ ರೂಪಗಳಲ್ಲಿ ಎರಡನೆಯದಂತೂ ಇನ್ನಷ್ಟು ಅಪಾಯಕಾರಿ, ಏಕೆಂದರೆ ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ಗೋಡಂಬಿ ಮರವನ್ನೂ ಯಾರಾದರೂ ಕಾಡುಗೇರು ಎಂದುಕೊಳ್ಳಬಹುದು.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆ ಮರ ಕಡಿಯುವವರ ಬಾಯಲ್ಲಿ ‘ಹೊಲಗೇರು’ ಇಂದಿಗೂ ಬಳಕೆಯಲ್ಲಿದೆಯೆ, ಅಥವಾ ಅಲ್ಲಿಯೂ ಬೇರೊಂದು ಹೆಸರು ನಿಂತಿದೆಯೆ? ಹಾಗೆಯೇ, ಮುಟ್ಟದಿದ್ದರೂ ಮರದ ಅಡಿಯಲ್ಲಿ ಹಾದುಹೋದದ್ದಕ್ಕೇ ಮೈ ಕೆರೆದರೆ ನಾವು ‘ಚೇರೆ ತಾಗಿತು’ ಎನ್ನುತ್ತೇವೆ. ದೆವ್ವ, ದೃಷ್ಟಿಗಳಿಗೆ ಹೇಳುವ ಈ ‘ತಾಗು’ ಕ್ರಿಯಾಪದವನ್ನು ನಿಮ್ಮ ಕಡೆ ಬೇರೆ ಯಾವುದಾದರೂ ಮರಕ್ಕೋ ಬಳ್ಳಿಗೋ ಬಳಸುವುದುಂಟೆ?