ಒನ್‌ವೇಯಲ್ಲಿ ಎದುರು ಬರುವ ಸೈಕಲ್ ಲೇನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವೊಂದಷ್ಟು ಜನ ಸೇರಿ ಶಾಲೆ ಮಕ್ಕಳಿಗೆ ಸೈಕಲ್ ನಿಯಮಗಳ ಬಗ್ಗೆ ಚಿಕ್ಕ ಪುಸ್ತಕ ಬರೆಯುತ್ತಿದ್ದೇವೆ. ಬೇರೆ ದೇಶಗಳ ರಸ್ತೆಗಳ ಬಗ್ಗೆಯೂ ಎರಡು ಪುಟ ಇದೆ. ಅಲ್ಲಿ ಒಂದು ಪದ ಹದಿನೈದು ದಿನದಿಂದ ನನ್ನನ್ನು ಬಿಡುತ್ತಿಲ್ಲ: ಕಾಂಟ್ರಾಫ್ಲೋ ಸೈಕಲ್ ಲೇನ್. ಕಾರು, ಬೈಕಿಗೆ ಒನ್‌ವೇ ಆಗಿರುವ ರಸ್ತೆಯಲ್ಲಿ ಸೈಕಲ್ ಮಾತ್ರ ಎದುರಿನಿಂದ ಬರಲಿ ಅಂತ ಗೀಟು ಎಳೆದು ಬಿಟ್ಟುಕೊಟ್ಟ ಜಾಗ.

ಮೊದಲು ನಾನು ಬರೆದದ್ದು 'ವಿರುದ್ಧ ದಿಕ್ಕಿನ ಸೈಕಲ್ ಪಥ'. ನಮ್ಮ ಜೊತೆಯ ಹಿರಿಯರೊಬ್ಬರು ಓದಿ, "ಏನ್ರೀ ಇದು, ಮಕ್ಕಳಿಗೆ ತಪ್ಪು ದಾರೀಲಿ ಹೋಗಿ ಅಂತ ಹೇಳಿಕೊಡ್ತೀರಾ?" ಅಂದರು. ಅವರು ಹೇಳಿದ್ದು ಸರಿ. ವಿರುದ್ಧ ಅಂದ ಕೂಡಲೇ ನಮಗೆ ಕಾಣುವುದು ದಂಡದ ಚೀಟಿ. ದೇವರಾಜ ಅರಸು ರಸ್ತೆಯಲ್ಲಿ ಯಾರಾದರೂ ಎದುರಿಂದ ಬಂದರೆ 'ಒನ್‌ವೇಲಿ ನುಗ್ಗಿದ' ಅನ್ನುತ್ತೇವೆ, ಮಂಡ್ಯದ ನಮ್ಮ ಚಿಕ್ಕಪ್ಪ ಆದರೆ 'ರಾಂಗ್ ರೂಟಲ್ಲಿ ಬತ್ತಾವ್ನೆ' ಅಂತಾರೆ. ನಮ್ಮ ಬಾಯಲ್ಲಿರುವ ಮಾತೆಲ್ಲ ತಪ್ಪು ಮಾಡಿದವನಿಗೇ ಇರುವುದು. ಒಪ್ಪಿಗೆ ಪಡೆದು ಎದುರು ಬರುವವನಿಗೆ ಮಾತೇ ಇಲ್ಲ.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. ಫ್ರೆಂಚರ ಹೆಸರಿನ ಅರ್ಥ 'ಸೈಕಲ್‌ಗೆ ಎರಡೂ ದಿಕ್ಕು' ಅಂತ. ಬೆಲ್ಜಿಯಂನಲ್ಲಿ 2004ರಿಂದ, ರಸ್ತೆಗೆ ಸಾಕಷ್ಟು ಅಗಲ ಇದ್ದರೆ, ಒನ್‌ವೇಗಳಲ್ಲಿ ಸೈಕಲ್ ಎರಡೂ ಕಡೆಗೆ ಹೋಗಬಹುದು. ಅಲ್ಲಿನ ಫ್ರೆಂಚ್ ಮಾತನಾಡುವವರು ಇದಕ್ಕೆ 'ಮಿತಿ ಇರುವ ಒನ್‌ವೇ' ಅನ್ನೋ ಅರ್ಥದ ಹೆಸರಿಟ್ಟಿದ್ದಾರೆ. ಎರಡರಲ್ಲೂ 'ವಿರುದ್ಧ' ಇಲ್ಲವೇ ಇಲ್ಲ! ಆದರೆ ಇವೆರಡೂ ರಸ್ತೆಗೆ ಇಟ್ಟ ಹೆಸರು. ನನಗೆ ಬೇಕಿರುವುದು ಆ ಗೀಟಿನ ಒಳಗಿನ ಜಾಗದ ಹೆಸರು.

ನನಗೆ ಮನಸ್ಸಿರುವುದು 'ಎದುರು' ಅನ್ನೋ ಪದದ ಮೇಲೆ. ಎದುರುಮಾತು, ಎದುರಾಳಿ ಇವುಗಳಲ್ಲಿ ಜಗಳ ಇದೆ, ನಿಜ. ಆದರೆ ಎದುರುಮನೆಯಲ್ಲಿ ಜಗಳ ಇಲ್ಲ, ಬೀಗರನ್ನು ಎದುರುಗೊಳ್ಳುವುದರಲ್ಲಿ ಪ್ರೀತಿಯೇ ಇದೆ, ಎದುರುನೋಡುವುದರಲ್ಲಿ ಆಸೆ ಇದೆ. ಮುಖಕ್ಕೆ ಮುಖ ಕೊಟ್ಟು ಬರುವುದಷ್ಟೇ ಅದರ ಮೂಲ ಭಾವ ಅಂತ ನನಗೆ ಅನಿಸುತ್ತದೆ. ಹಾಗಾಗಿ 'ಎದುರು ಸೈಕಲ್ ಲೇನ್' ಅಂತ ಬರೆದುಕೊಂಡಿದ್ದೇನೆ. 'ಎದುರೋಟದ ಲೇನ್' ಅಂತಲೂ ಒಬ್ಬರು ಹೇಳಿದರು, ಕೇಳೋಕೆ ಚೆನ್ನಾಗಿದೆ, ಆದರೆ ಮಕ್ಕಳು ಓಟದ ಪಂದ್ಯ ಅಂದುಕೊಂಡರೆ ಕಷ್ಟ. ಲೇನ್ ಅನ್ನು ಪಥ ಮಾಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2017ರಲ್ಲಿ ಮೈಸೂರಿಗೆ ಟ್ರಿನ್ ಟ್ರಿನ್ ಅನ್ನೋ ಬಾಡಿಗೆ ಸೈಕಲ್ ಬಂದಾಗ, ಆ ಸೈಕಲ್ ತೆಗೆದುಕೊಂಡು ವಾಪಸ್ ನಿಲ್ಲಿಸುವ ಡಾಕಿಂಗ್ ಸ್ಟೇಷನ್‌ಗೆ ನಮ್ಮ ಬೀದಿಯವರೆಲ್ಲ ಸ್ಟ್ಯಾಂಡ್ ಅಂತಲೇ ಅಂದರು, ಅದೇ ಉಳಿಯಿತು.

ಎರಡನೇ ತೊಡಕು ಎಡ ಬಲದ್ದು. ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ. ಎದುರು ಲೇನ್‌ನಲ್ಲಿ ಬರುವವನೂ ತನ್ನ ಎಡಕ್ಕೇ ಇರಬೇಕು. ಆದರೆ ಅವನ ಎಡ ಅಂದರೆ ಕಾರಿನವನ ಬಲ. ಬರೀ 'ರಸ್ತೆಯ ಎಡಬದಿ' ಅಂತ ಬರೆದರೆ ಯಾರ ಎಡ? 'ನಿಮ್ಮ ಎಡಕ್ಕೆ' ಅಂತ ಪ್ರತಿ ಸಲ ಬರೆಯಲೇಬೇಕು. ಇನ್ನೊಂದು ವಿಷಯ, ಇದನ್ನು ಬಿಡಿಸಿ ಹೇಳೋಕೆ ನಾನು ತುಂಬಾ ಒದ್ದಾಡಿದ್ದೇನೆ: ಕಾರುಗಳ ದಿಕ್ಕಿನಲ್ಲೇ ಹೋಗುವ ಸೈಕಲ್ ಈ ಲೇನ್‌ಗೆ ಬರುವ ಹಾಗಿಲ್ಲ, ಅದು ಕಾರುಗಳ ಜೊತೆಗೇ ಹೋಗಬೇಕು. ಸುಮ್ನೆ ಖಾಲಿ ಇದೆ ಅಂತ ಒಳಗೆ ಬಂದರೆ ಸರಿಯಾಗಿ ಬರುತ್ತಿರುವವನಿಗೆ ಮುಖಾಮುಖಿ ಡಿಕ್ಕಿ. ಅಂದರೆ ಇಲ್ಲಿ ರಾಂಗ್ ಸೈಡ್ ಯಾರು? ಕಾರುಗಳ ದಿಕ್ಕಿನಲ್ಲೇ ಈ ಲೇನ್ ಒಳಗೆ ಹೋಗುತ್ತಿರುವವನು! ಅದಕ್ಕೇ ಪುಸ್ತಕದಲ್ಲಿ ರಾಂಗ್ ಸೈಡ್ ಅನ್ನೋ ಮಾತನ್ನು ಪೂರ್ತಿ ತೆಗೆದು 'ಬಾಣದ ಗುರುತು ನೋಡಿ, ಅದು ತೋರಿಸುವ ಕಡೆಗೇ ಹೋಗಿ' ಅಂತ ಮಾಡಿದೆ.

ಮೂರನೆಯದು ಬೋರ್ಡು. ಇಂಗ್ಲೆಂಡಿನಲ್ಲಿ ನೋ ಎಂಟ್ರಿ ಫಲಕದ ಕೆಳಗೆ 'ಎಕ್ಸೆಪ್ಟ್ ಸೈಕಲ್ಸ್' ಅಂತ ಇರುತ್ತದೆ. 'ಸೈಕಲ್ ಬಿಟ್ಟು ಪ್ರವೇಶವಿಲ್ಲ' ಅಂತ ಬರೆದೆ. ಮಗಳು ಓದಿ, "ಸೈಕಲ್ ಇಲ್ಲೇ ಬಿಟ್ಟು ನಡ್ಕೊಂಡು ಹೋಗ್ಬೇಕಾ ಅಪ್ಪ?" ಅಂತ ಕೇಳಿದಳು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಹೋಗುವವರಿಗೆ ಹಾಗೆ ಅನಿಸುವುದು ಸಹಜ ಅಲ್ವಾ. 'ಹೊರತುಪಡಿಸಿ' ಸರಿಯೇ, ಆದರೆ ಸೈಕಲ್ ತುಳಿಯುತ್ತಾ ಓದೋಕೆ ಉದ್ದ ಜಾಸ್ತಿ. 'ಸೈಕಲ್ ಬರಬಹುದು' ಸಾಕು ಅನಿಸಿದೆ.

ನಡೆದು ಹೋಗುವವರ ವಿಷಯಕ್ಕೆ ಪದ ಹುಡುಕಬೇಕಾಗಲಿಲ್ಲ. ಒನ್‌ವೇ ಅಂತ ಅವರು ಒಂದೇ ಕಡೆ ನೋಡಿ ಕಾಲಿಡುತ್ತಾರೆ, ಅಡ್ಡರಸ್ತೆಯಿಂದ ತಿರುಗುವ ಕಾರಿನವರೂ ಹಾಗೆಯೇ. ಎದುರು ಬರುವ ಸೈಕಲ್‌ನವರು ಅಲ್ಲಿ ನಿಧಾನ ಮಾಡಿ ಬೆಲ್ ಹೊಡೆಯಬೇಕು. ದಾಟುವವರಿಗೆ ನಮ್ಮ ಅಮ್ಮಂದಿರು ಹೇಳುತ್ತಿದ್ದ 'ಆ ಕಡೆ ಈ ಕಡೆ ನೋಡಿ ದಾಟು' ಅನ್ನುವುದನ್ನೇ ಇಟ್ಟಿದ್ದೇನೆ.

ನಿಮ್ಮ ಕಡೆ ಒಪ್ಪಿಗೆಯಿಂದ ಎದುರು ಬರುವುದಕ್ಕೆ ಬೇರೆ ಮಾತು ಇದೆಯಾ? ಗದ್ದೆ ಬದುವಿನ ಮೇಲೆ, ಸಂತೆ ದಾರಿಯಲ್ಲಿ, ಗಾಡಿಗೆ ಗಾಡಿ ಎದುರಾದಾಗ ಹಿರಿಯರು ಏನನ್ನುತ್ತಿದ್ದರು? ಗೊತ್ತಿದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ. 'ಎದುರು ಸೈಕಲ್ ಲೇನ್' ನಿಮ್ಮ ಕಿವಿಗೆ ತಪ್ಪು ದಾರಿ ಅಂತಲೇ ಕೇಳಿಸಿದರೆ ಅದನ್ನೂ ಹೇಳಿ, ಅಚ್ಚಿಗೆ ಹೋಗುವ ಮೊದಲು ಬದಲಾಯಿಸುತ್ತೇನೆ.